ರಾಜಮಂಡ್ರಿಯಲ್ಲಿ ಇಬ್ಬರು ಎಲ್ಡರ್‌ಗಳು

ಮಿಷನ್ ಮುಗಿಸಿ ಬಂದವನನ್ನು ಜನ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನರನ್ನು ಸೇರಿಸಿದೆ? ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಹುಬ್ಬು ಗಂಟಿಕ್ಕಿಕೊಂಡು ಕೇಳುತ್ತಾರೆ. ಏನು ತಿನ್ನುತ್ತಿದ್ದೆ, ಯಾರ ಜೊತೆ ಇದ್ದೆ, ಬಟ್ಟೆ ಯಾರು ಒಗೆಯುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ. ಮೊನ್ನೆ ನಮ್ಮ ಸಭೆಯ ಹುಡುಗನೊಬ್ಬ ಕೇಳಿದ. ಅವನಿಗೆ ಮಿಷನ್ ಕರೆ ಬಂದಿದೆ. ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಪಕ್ಕಕ್ಕೆ ಕರೆದು, "ಅಣ್ಣಾ, ಅಲ್ಲಿ ದಿನ ಹೇಗೆ ಕಳೆಯುತ್ತದೆ?" ಎಂದ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಬರೆದು ಕಳುಹಿಸುತ್ತೇನೆ ಎಂದೆ. ಇದು ಅವನಿಗಾಗಿ ಬರೆದದ್ದು. ಉಳಿದವರೂ ಓದಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಸಭೆಯ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಊರವರು ಮಾರ್ಮನ್ ಎನ್ನುತ್ತಾರೆ. ಆ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಹೇಳಿ ಎಂದು 2018ರಲ್ಲಿ ಸಭೆಯ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಆದರೆ ಪೂರ್ತಿ ಹೆಸರು ಹೇಳಿದರೆ ಆಟೊದವರು ತಲೆ ಕೆರೆದುಕೊಳ್ಳುತ್ತಾರೆ, ಹಾಗಾಗಿ ಇಲ್ಲಿ ಎರಡೂ ಇರಲಿ. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಧರ್ಮಪ್ರಚಾರದ ಸೇವೆಗೆ ಹೋಗುತ್ತಾರೆ, ಅದೇ ಮಿಷನ್. ಹೋದ ಹುಡುಗರನ್ನು ಎಲ್ಡರ್ ಎಂದು ಕರೆಯುತ್ತಾರೆ. ಸಂಬಳವಿಲ್ಲ, ಮನೆಯವರೇ ಕೈಲಾದಷ್ಟು ಕಟ್ಟಬೇಕು. ಊರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇಲ್ಲ. ಪತ್ರ ಬರುತ್ತದೆ, ಅದರಲ್ಲಿ ಬರೆದ ಕಡೆ ಹೋಗಬೇಕು.

ನನ್ನ ಪತ್ರದಲ್ಲಿ ಬರೆದಿದ್ದದ್ದು ಬೆಂಗಳೂರು ಮಿಷನ್. ನಮ್ಮ ಮನೆ ಇರುವುದು ಕೆಂಗೇರಿಯಲ್ಲಿ. ಅಮ್ಮ ಅಂದು ಪಾಯಸ ಮಾಡಿದರು, ಮಗ ಊರಲ್ಲೇ ಇರುತ್ತಾನೆ, ವಾರಕ್ಕೊಮ್ಮೆ ಡಬ್ಬಿ ಕಳುಹಿಸಬಹುದು ಎಂದು. ಅಪ್ಪ ತಡೆದು ವಿವರಿಸಿದರು. 1993ರಲ್ಲಿ ಶುರುವಾದ ಈ ಮಿಷನ್‌ನ ಕಚೇರಿ ಮಾತ್ರ ಬೆಂಗಳೂರಿನದು, ಮಿಷನರಿಗಳ ಕೆಲಸ ಹೈದರಾಬಾದು, ವಿಶಾಖಪಟ್ಟಣ, ರಾಜಮಂಡ್ರಿ, ಚೆನ್ನೈ, ಕೊಯಮತ್ತೂರಿನ ತನಕ ಹರಡಿದೆ ಎಂದು. ತೆಲುಗು ಸೀಮೆಯಲ್ಲಿ ನಮ್ಮವರು ಹೆಚ್ಚಿರುವುದಕ್ಕೆ ಒಂದು ಕಾರಣವಿದೆ. ಹೈದರಾಬಾದಿನ ಎಡ್ವಿನ್ ಧರ್ಮರಾಜು ಮತ್ತು ಎಲ್ಸಿ ದಂಪತಿ ದೂರದ ಸಮೋವಾದಲ್ಲಿದ್ದಾಗ ಸಭೆ ಸೇರಿ, 1978ರ ಡಿಸೆಂಬರ್‌ನಲ್ಲಿ ಮಿಷನರಿಗಳಾಗಿಯೇ ತಮ್ಮ ಊರಿಗೆ ಬಂದು ಬಂಧುಬಳಗದ ಹಲವರಿಗೆ ದೀಕ್ಷಾಸ್ನಾನ ಮಾಡಿಸಿದರು. ಭಾರತದ ಮೊದಲ ಸ್ಟೇಕ್, ಅಂದರೆ ಹಲವು ಸಭೆಗಳು ಸೇರಿದ ಮಂಡಲ, 2012ರಲ್ಲಿ ಆದದ್ದೂ ಹೈದರಾಬಾದಿನಲ್ಲೇ. ಈ ಇತಿಹಾಸ ಕೇಳಿ ಅಮ್ಮನಿಗೇನೂ ಸಮಾಧಾನವಾಗಲಿಲ್ಲ. 2016ರ ಆರಂಭದಲ್ಲಿ ವಿಶಾಖಪಟ್ಟಣಕ್ಕೆ ಹೊರಟೆ. ಮೇ ತಿಂಗಳ ನಡುಬಿಸಿಲಿಗೆ ರಾಜಮಂಡ್ರಿಗೆ ವರ್ಗವಾಯಿತು. ನನ್ನ ನೆನಪೆಲ್ಲ ಹೆಚ್ಚಾಗಿ ಆ ಊರಿನದೇ.

ನಮ್ಮ ಕಾಲದ ದಿನಚರಿ ಮುದ್ರಿತ ಪುಸ್ತಕದಲ್ಲಿ ಇರುತ್ತಿತ್ತು. ಬೆಳಿಗ್ಗೆ ಆರೂವರೆಗೆ ಏಳಬೇಕಿತ್ತು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಎಂಟಕ್ಕೆ ಒಬ್ಬನೇ ಧರ್ಮಗ್ರಂಥ ಓದುವುದು, ಒಂಬತ್ತಕ್ಕೆ ಜೊತೆಗಾರನ ಸಂಗಡ ಓದುವುದು. ಹೊಸಬನಾದರೆ ಭಾಷೆಯ ಪಾಠ ಬೇರೆ. ಆಮೇಲೆ ಹೊರಗೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಒಳಗೆ. ಮರುದಿನದ ಯೋಜನೆ ಬರೆದು, ಹತ್ತೂವರೆಗೆ ದೀಪ ಆರಿಸಬೇಕಿತ್ತು. 2017ರ ಜನವರಿಯಲ್ಲಿ ಈ ವೇಳಾಪಟ್ಟಿಯನ್ನು ಸ್ವಲ್ಪ ಸಡಿಲಿಸಿದರು. ಸಿನಿಮಾ ಇಲ್ಲ, ಟಿವಿ ಇಲ್ಲ, ಮನಸ್ಸಿಗೆ ಬಂದ ಹಾಡು ಕೇಳುವಂತಿಲ್ಲ. ಈಜುವಂತೆಯೂ ಇಲ್ಲ. ಗೋದಾವರಿ ತುಂಬಿ ಹರಿಯುವ ಊರಿನಲ್ಲಿ, ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ಪುಷ್ಕರ ಘಾಟಿನ ಮೆಟ್ಟಿಲ ಮೇಲೆ ಟೈ ಕಟ್ಟಿಕೊಂಡು ನಿಂತು ಚಿಳ್ಳೆಪಿಳ್ಳೆಗಳು ನೀರಿಗೆ ಹಾರುವುದನ್ನು ನೋಡಿದವನಿಗೆ ಮಾತ್ರ ಆ ನಿಯಮದ ಖಾರ ಗೊತ್ತು.

ಆದರೆ ಇವೆಲ್ಲ ಅಭ್ಯಾಸವಾಗುತ್ತವೆ. ಬೇಗ ಅಭ್ಯಾಸವಾಗದೆ ಇರುವುದು ಒಂದೇ: ಒಬ್ಬನೇ ಇರುವಂತಿಲ್ಲ. ಸ್ನಾನದ ಮನೆ ಬಿಟ್ಟರೆ ಬೇರೆಲ್ಲೂ ಇಲ್ಲ. ಕಂಪ್ಯಾನಿಯನ್ ಎಂದು ನಿಯೋಜಿಸಿದ ಹುಡುಗ ಸದಾ ಕಣ್ಣಳತೆಯಲ್ಲಿ, ಕಿವಿಗೆ ಕೇಳುವಷ್ಟು ಹತ್ತಿರದಲ್ಲಿ ಇರಬೇಕು. ಅವನನ್ನು ನೀನು ಆರಿಸಿಲ್ಲ, ನಿನ್ನನ್ನು ಅವನೂ ಆರಿಸಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಅದರಲ್ಲಿ ಹೆಸರು ಬರದಿದ್ದರೆ ಮತ್ತೆ ಆರು ವಾರ ಅವನೇ. ದೇವರ ಬಗ್ಗೆ ಹೊರಗಿನವರೊಡನೆ ಮಾತನಾಡುವುದು ಕಷ್ಟವೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಕಷ್ಟ, ಫ್ಯಾನ್ ಎರಡರಲ್ಲಿ ಇರಬೇಕೋ ಐದರಲ್ಲಿ ಇರಬೇಕೋ ಎಂಬುದರ ಬಗ್ಗೆ ಒಳಗಿನವನೊಡನೆ ಮಾತನಾಡುವುದು.

ನನ್ನ ಪಾಲಿಗೆ ಬಂದವನು ಕೊಯಮತ್ತೂರಿನವನು. ಹೆಸರು ಬೇಡ, ಈಗ ಸಂಸಾರಸ್ಥ. ನನಗಿಂತ ಒಂದು ವರ್ಷ ಚಿಕ್ಕವನಾದರೂ ಮಿಷನ್‌ನಲ್ಲಿ ಹಿರಿಯ. ಅವನಿಗೆ ಬೆಳಕಿದ್ದರೆ ನಿದ್ದೆ ಬಾರದು, ನನಗೆ ಗಾಳಿಯಿಲ್ಲದಿದ್ದರೆ. ಅವನು ಅನ್ನವನ್ನು ಹಿಂದಿನ ರಾತ್ರಿಯೇ ಮಾಡಿಟ್ಟು ನೀರು ಹಾಕಿಡುತ್ತಿದ್ದ. ನಾನು ಬೆಳಿಗ್ಗೆ ಉಪ್ಪಿಟ್ಟೇ ಆಗಬೇಕು ಎಂಬ ಗುಂಪಿನವನು. ಅವನು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮೊದಲ ವಾರ ಅದು ಕೇಳಿಸಲಿಲ್ಲ, ಮೂರನೆಯ ವಾರ ಅದನ್ನು ಬಿಟ್ಟು ಬೇರೇನೂ ಕೇಳಿಸಲಿಲ್ಲ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕುಳಿತು, ಒಬ್ಬರಲ್ಲಿ ಒಬ್ಬರು ಮೆಚ್ಚಿದ್ದನ್ನೂ ಸರಿಪಡಿಸಿಕೊಳ್ಳಬೇಕಾದ್ದನ್ನೂ ಹೇಳಿಕೊಳ್ಳಬೇಕೆಂಬ ನಿಯಮವಿದೆ. ನಮ್ಮದು ಪಂಚಾಯಿತಿ ಕಟ್ಟೆಯ ವ್ಯಾಜ್ಯದಂತೆ ನಡೆಯುತ್ತಿತ್ತು, ಪಂಚರು ಮಾತ್ರ ಇರಲಿಲ್ಲ. ಒಮ್ಮೆ ಅವನು ಗಂಭೀರವಾಗಿ, "ಎಲ್ಡರ್, ನೀವು ನಿದ್ದೆಯಲ್ಲಿ ಕನ್ನಡ ಮಾತನಾಡುತ್ತೀರಿ, ನನಗೆ ಅರ್ಥವಾಗದಿರುವುದರಿಂದ ಭಯವಾಗುತ್ತದೆ" ಎಂದ. ಅದಕ್ಕೆ ನಾನು ಏನು ಸರಿಪಡಿಸಿಕೊಳ್ಳಲಿ?

ನಾವಿದ್ದದ್ದು ನಿವೃತ್ತ ಮೇಷ್ಟರೊಬ್ಬರ ಮನೆಯ ಮಹಡಿಯಲ್ಲಿ. ಮದುವೆಯಾಗದ ಹುಡುಗರಿಗೆ ಮನೆ ಕೊಡಲು ಮೊದಲು ಹಿಂದೇಟು ಹಾಕಿದರಂತೆ. ಸಿಗರೇಟು ಇಲ್ಲ, ಮದ್ಯವಿಲ್ಲ, ಹುಡುಗಿಯರು ಒಳಗೆ ಬರುವಂತಿಲ್ಲ, ಒಂಬತ್ತೂವರೆಗೆ ವಾಪಸ್, ಹತ್ತೂವರೆಗೆ ದೀಪ ಆರುತ್ತದೆ ಎಂದು ಕೇಳಿ ಮೇಷ್ಟರು, "ಇದು ಬಾಡಿಗೆ ಕರಾರೋ ನನ್ನ ಕನಸೋ" ಎಂದಿದ್ದರಂತೆ. ಅವರು ಕಟ್ಟಾ ವೈಷ್ಣವರು. ನಮ್ಮನ್ನು ಯಾವತ್ತೂ ಧರ್ಮದ ಬಗ್ಗೆ ಕೇಳಲಿಲ್ಲ, ನಾವೂ ಎತ್ತಲಿಲ್ಲ. ನಾವಿದ್ದ ಕಡೆ ಮನೆಮನೆ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. ಸಭೆಯವರು ಪರಿಚಯಿಸಿದವರನ್ನು, ತಾವಾಗಿ ಕೇಳಿ ಬಂದವರನ್ನು ಮಾತ್ರ ಕಾಣುತ್ತಿದ್ದೆವು. ಅಮೆರಿಕದ ಹುಡುಗರ ಸೈಕಲ್ಲು, ಕರೆಗಂಟೆ, ಮುಖಕ್ಕೆ ಬಡಿಯುವ ಬಾಗಿಲು ಇವೆಲ್ಲ ನಮಗೆ ಕೇಳಿದ ಕಥೆ. ನಮ್ಮ ದಿನ ಕಳೆಯುತ್ತಿದ್ದದ್ದು ಸಿಟಿ ಬಸ್ಸಿನಲ್ಲಿ, ಷೇರ್ ಆಟೊದಲ್ಲಿ. ಆರಾಧನೆಗೆ ಬರುವುದು ಬಿಟ್ಟ ವೃದ್ಧರ ಮನೆಯಲ್ಲಿ ಕುಳಿತು ಅವರ ಮಂಡಿನೋವಿನ ಕಥೆ ಕೇಳುವುದು, ಯಾರದೋ ಮನೆ ಬದಲಾವಣೆಗೆ ಬೀರು ಎತ್ತುವುದು, ಪರೀಕ್ಷೆ ಹತ್ತಿರ ಬಂದ ಮಕ್ಕಳಿಗೆ ಇಂಗ್ಲಿಷ್ ಓದಿಸುವುದು, ಇದೇ ಹೆಚ್ಚು.

ಬೀದಿಯಲ್ಲಿ ಜನ ನಮ್ಮನ್ನು ಔಷಧ ಕಂಪನಿಯ ಪ್ರತಿನಿಧಿಗಳೆಂದೇ ತಿಳಿಯುತ್ತಿದ್ದರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಕೈಯಲ್ಲಿ ಬ್ಯಾಗು. ಅವರದೇನು ತಪ್ಪು? ಒಮ್ಮೆ ದಾನವಾಯಿಪೇಟೆಯ ಔಷಧದಂಗಡಿಯವರೊಬ್ಬರು ನಮ್ಮನ್ನು ಒಳಗೆ ಕರೆದು ಕೂರಿಸಿ, ಅವಧಿ ಮುಗಿದ ಮಾತ್ರೆಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳುತ್ತಿಲ್ಲ ಎಂದು ಚೆನ್ನಾಗಿ ಬೈದರು. ಪೂರ್ತಿ ಬೈಸಿಕೊಂಡ ಮೇಲೆಯೇ ನಾವು ಯಾರೆಂದು ಹೇಳಲು ಅವಕಾಶ ಸಿಕ್ಕಿದ್ದು. ಪಾಪ, ನಾಚಿಕೊಂಡು ರೋಸ್ ಮಿಲ್ಕ್ ತರಿಸಿಕೊಟ್ಟರು.

ರೋಸ್ ಮಿಲ್ಕ್ ಎಂದೆ. ರಾಜಮಂಡ್ರಿಗೆ ಹೋದವರು ಕೋಟಗುಮ್ಮಂ ಹತ್ತಿರ ಅದನ್ನು ಕುಡಿಯದೆ ಬರಬಾರದು. ನಮಗಂತೂ ಅದು ಪ್ರಾಣಾಧಾರ, ಏಕೆಂದರೆ ಕಾಫಿ, ಟೀ ಎರಡೂ ನಮಗೆ ವರ್ಜ್ಯ. 1833ರಲ್ಲಿ ನಮ್ಮ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್‌ಗೆ ಬಂದ ದೈವವಾಣಿಯ ಪ್ರಕಾರ ಹೊಗೆಸೊಪ್ಪು, ಮದ್ಯದ ಜೊತೆಗೆ ಇವೂ ಹೋದವು. ನನ್ನ ತಾತ, ಅಮ್ಮನ ಅಪ್ಪ, ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಮಗಳೂ ಅಳಿಯನೂ ಹೊಸ ಸಭೆ ಸೇರಿದ್ದನ್ನು ಅವರು ಸಹಿಸಿಕೊಂಡರು. ಕಾಫಿ ಬಿಟ್ಟದ್ದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಆಂಧ್ರದಲ್ಲೂ ನನಗೆ ಅದೇ ಪಾಡು. ಯಾವ ಮನೆಗೆ ಹೋದರೂ ಸ್ಟೀಲ್ ಲೋಟದಲ್ಲಿ ನೊರೆ ಬಂದ ಕಾಫಿ ಎದುರಿಗೆ ಬರುತ್ತದೆ. ಬೇಡವೆಂದರೆ ಟೀ ಮಾಡಲು ಏಳುತ್ತಾರೆ. ಅದೂ ಬೇಡವೆಂದರೆ ಜಾತಿ ನೋಡುತ್ತಿದ್ದಾರೋ ಎಂದು ಅವರ ಮುಖ ಸಣ್ಣಗಾಗುತ್ತದೆ. ಇದು ಮಾತ್ರ ಸಣ್ಣ ವಿಷಯವಲ್ಲ. ಹಾಗಾಗಿ ಹೊಸ ಮನೆಗೆ ಹೋದಾಗ ಹೊಸ್ತಿಲು ದಾಟುವ ಮೊದಲೇ, "ಅಮ್ಮಾ, ತುಂಬ ಬಾಯಾರಿಕೆ, ಮಜ್ಜಿಗೆ ಇದೆಯೇ?" ಎಂದು ಕೇಳುವುದನ್ನು ಕಲಿತೆವು. ಕೇಳಿ ಕುಡಿದವನ ಮೇಲೆ ಯಾವ ಗೃಹಿಣಿಯೂ ಅನುಮಾನಪಡುವುದಿಲ್ಲ.

ಸೋಮವಾರ ನಮಗೆ ಬಿಡುವು. ಪಿ ಡೇ ಎನ್ನುತ್ತಾರೆ, ಮುಂದಿನ ವಾರಕ್ಕೆ ಸಿದ್ಧತೆಯ ದಿನ. ಬಿಡುವು ಎಂದರೆ ಒಗೆಯುವುದು. ಇಬ್ಬರ ಬಿಳಿ ಶರ್ಟುಗಳೂ ಬಕೆಟ್ಟಿನಲ್ಲಿ ನೆನೆದಿರುತ್ತಿದ್ದವು. ಕಾಲರಿನ ಒಳಮಗ್ಗುಲಲ್ಲಿ ಬೆವರು, ಬಸ್ಸಿನ ಧೂಳು, ತಲೆಯೆಣ್ಣೆ ಮೂರೂ ಸೇರಿದ ಕಂದು ಗೆರೆ. ಅದಕ್ಕೆ ಸೋಪಿನ ಬಿಲ್ಲೆಯನ್ನು ನೇರವಾಗಿ ತಿಕ್ಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಬೇಕು. ಉದ್ದಕ್ಕೆ ಉಜ್ಜಿದರೆ ನೂಲು ಎದ್ದು ಕಾಲರು ಒಂದೇ ತಿಂಗಳಿಗೆ ಹರಿಯುತ್ತದೆ. ಕೊನೆಯ ನೀರಿಗೆ ನೀಲಿ. ಹನಿ ಜಾಸ್ತಿ ಬಿದ್ದರೆ ಶರ್ಟು ಆಕಾಶದ ಬಣ್ಣಕ್ಕೆ ತಿರುಗುತ್ತದೆ, ಆಗ ಬಿಳಿ ಬಿಟ್ಟು ಬೇರೆ ಹಾಕುವಂತಿರಲಿಲ್ಲ. (2020ರಲ್ಲಿ ಕೆಲವು ಕಡೆ ತಿಳಿನೀಲಿಗೂ ಒಪ್ಪಿಗೆ ಕೊಟ್ಟರು. ನಮ್ಮ ಕಾಲಕ್ಕೆ ಕೊಟ್ಟಿದ್ದರೆ ಎಷ್ಟು ಶರ್ಟು ಉಳಿಯುತ್ತಿದ್ದವು!) ಬಟ್ಟೆ ಹರವಿದ ಮೇಲೆ ಸಂತೆ, ಆಮೇಲೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಮನೆಗೆ ಇಮೇಲ್. ಫೋನು ಮಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ನನ್ನ ಇಮೇಲನ್ನು ಅಪ್ಪ ಅಮ್ಮನಿಗೆ ಓದಿ ಹೇಳುತ್ತಿದ್ದರು. ಉತ್ತರದಲ್ಲಿ ಅಪ್ಪನ ನಾಲ್ಕು ಸಾಲಿನ ಕೆಳಗೆ ಅಮ್ಮ ಹೇಳಿ ಬರೆಸಿದ ಪ್ರಶ್ನೆಗಳಿರುತ್ತಿದ್ದವು: ಹೊಟ್ಟೆ ಸರಿಯಿದೆಯೇ, ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಆ ತಮಿಳು ಹುಡುಗ ಒಳ್ಳೆಯವನೇ.

2016ರ ಸೆಪ್ಟೆಂಬರ್ 12 ಸೋಮವಾರ. ತಮಿಳುನಾಡಿಗೆ ಕಾವೇರಿ ನೀರು ಬಿಡುವ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶ, ಕರ್ನಾಟಕ ಬಂದ್ ಎಲ್ಲ ಆಗಿದ್ದರೂ ಪತ್ರಿಕೆಯನ್ನೇ ನೋಡದ ನಮಗೆ ಪೂರ್ತಿ ತಿಳಿದಿರಲಿಲ್ಲ. ಬ್ರೌಸಿಂಗ್ ಸೆಂಟರಿನ ಮೂಲೆಯ ಟಿವಿಯಲ್ಲಿ ಬಸ್ಸುಗಳು ಉರಿಯುತ್ತಿದ್ದವು. ಕೆಳಗೆ ಓಡುವ ತೆಲುಗು ಅಕ್ಷರಗಳಲ್ಲಿ ಬೆಂಗಳೂರು ಎಂದಿತ್ತು. ಆಮೇಲೆ ಮೈಸೂರು ರಸ್ತೆ ಎಂದು ಬಂತು, ಅದು ನಮ್ಮ ಮನೆಯ ದಾರಿ. ಸಂಜೆಯ ಹೊತ್ತಿಗೆ ಕರ್ಫ್ಯೂ ಹಾಕಿದ ಠಾಣೆಗಳ ಪಟ್ಟಿಯಲ್ಲಿ ಕೆಂಗೇರಿಯೂ ಇತ್ತು.

ಪಕ್ಕದ ಕುರ್ಚಿಯಲ್ಲಿ ಕುಳಿತವನು ತಮಿಳಿನವನು. ನಾನು ಅವನ ಕಡೆ ನೋಡಲಿಲ್ಲ, ಅವನೂ ನನ್ನ ಕಡೆ ನೋಡಲಿಲ್ಲ. ಅವನ ದೊಡ್ಡಮ್ಮನ ಮನೆ ಬೆಂಗಳೂರಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಎದ್ದು ಹೋಗಿ ಎಲ್ಲಾದರೂ ಒಬ್ಬನೇ ನಿಲ್ಲಬೇಕೆನಿಸಿತು. ನಿಲ್ಲುವ ಹಾಗಿರಲಿಲ್ಲವಲ್ಲ. ಇಬ್ಬರೂ ಒಟ್ಟಿಗೆ ಹೊರಗೆ ಬಂದೆವು. ಮಿಷನ್ ಅಧ್ಯಕ್ಷರಿಗೆ ಫೋನು ಮಾಡಿದವನು ಅವನೇ, ನನ್ನನ್ನು ಕೇಳದೆಯೇ. "ಇವರ ಮನೆ ಕೆಂಗೇರಿಯಲ್ಲಿದೆ, ಮಾತನಾಡಲು ಅನುಮತಿ ಬೇಕು" ಎಂದ. ತನ್ನ ದೊಡ್ಡಮ್ಮನ ಹೆಸರು ಎತ್ತಲಿಲ್ಲ. ಅನುಮತಿ ಸಿಕ್ಕಿತು. ಅಪ್ಪ ಮನೆಯಲ್ಲೇ ಇದ್ದರು. ಅಮ್ಮ ಫೋನು ಕಸಿದುಕೊಂಡು ಮೊದಲು ಕೇಳಿದ್ದು, "ಆ ಹುಡುಗನ ಮನೆಯವರು ಇಲ್ಲಿ ಯಾರಾದರೂ ಇದ್ದಾರೆಯೇ?" ಎಂದು. ಆಗ ಫೋನನ್ನು ಅವನ ಕೈಗೆ ಕೊಟ್ಟೆ. ಅವನಿಗೆ ಕನ್ನಡ ಬಾರದು, ಅಮ್ಮನಿಗೆ ತಮಿಳು ಅಷ್ಟಕ್ಕಷ್ಟೆ. ಮಾರ್ಕೆಟ್ಟಿನ ತಮಿಳಿನಲ್ಲಿ ಅಮ್ಮ ಏನೇನೋ ಹೇಳಿದರು, ಅವನು ಆಮಾ ಆಮಾ ಎನ್ನುತ್ತ ಬೀದಿಬದಿಯಲ್ಲೇ ಕಣ್ಣೊರೆಸಿಕೊಂಡ. ದೊಡ್ಡಮ್ಮ ಕ್ಷೇಮವಾಗಿದ್ದಾರೆಂದು ಮರುದಿನ ತಿಳಿಯಿತು.

ಆ ರಾತ್ರಿ ಮಲಗುವ ಮುಂಚೆ ಮಂಡಿಯೂರಿ ಪ್ರಾರ್ಥಿಸುವ ಸರದಿ ಅವನದು. ತಮಿಳಿನಲ್ಲೇ ಪ್ರಾರ್ಥಿಸಿದ, ನನಗೆ ಅಷ್ಟಿಷ್ಟು ತಿಳಿಯಿತು. ಕೊಡಗಿನಲ್ಲಿ ಮಳೆಯಾಗಲಿ ಎಂದ. ಸ್ವಲ್ಪ ತಡೆದು, ಮೆಟ್ಟೂರಿನಲ್ಲೂ ಆಗಲಿ ಎಂದು ಸೇರಿಸಿದ. ಮನುಷ್ಯ ಎಷ್ಟೇ ಭಕ್ತನಾದರೂ ಊರು ಬಿಟ್ಟುಕೊಡುವುದಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಅವನೂ ಆಮೆನ್ ಹೇಳುವ ಮೊದಲೇ ನಕ್ಕುಬಿಟ್ಟ. ಅಂದಿನಿಂದ ಅವನ ಗಂಟಲಿನ ಸದ್ದು ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾಗೆಯೇ ಇತ್ತು. ಫ್ಯಾನ್ ಮಾತ್ರ ಮೂರಕ್ಕೆ ಬಂದು ನಿಂತಿತು.

ನವೆಂಬರ್‌ನಲ್ಲಿ ನೋಟು ರದ್ದಾದಾಗಲೂ ಅವನೇ ಜೊತೆ. ತಿಂಗಳ ಖರ್ಚಿನ ಹಣವನ್ನು ಆಗಷ್ಟೇ ಎಟಿಎಂನಿಂದ ತೆಗೆದಿದ್ದೆವು, ಎಲ್ಲವೂ ಐನೂರರ ನೋಟುಗಳು. ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತರೆ ಟೈ ನೋಡಿ ಬ್ಯಾಂಕಿನವರೆಂದು ತಿಳಿದು ಜನ ನಮ್ಮನ್ನೇ ಸುತ್ತುವರಿದರು. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟನ್ನು ನನ್ನ ಕೈಗೇ ಇಟ್ಟು ಬದಲಾಯಿಸಿಕೊಡು ಎಂದರು. ಅಂದು ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ಆ ಅಜ್ಜಿಯ ಹಿಂದೆ ಮಧ್ಯಾಹ್ನದವರೆಗೂ ನಿಂತು ಅವರ ಅರ್ಜಿ ತುಂಬಿಕೊಟ್ಟೆವು. ಆ ಇಡೀ ವಾರ ಊಟಕ್ಕೆ ಸಭೆಯವರ ಮನೆಗಳೇ ಗತಿ. ಕಿರಾಣಿ ಅಂಗಡಿಯವರು ಸಾಲದ ಪುಸ್ತಕದಲ್ಲಿ ನಮ್ಮ ಹೆಸರು ಬರೆದುಕೊಂಡರು, "ಟೈ ಹುಡುಗರು" ಎಂದು.

ಡಿಸೆಂಬರ್‌ನಲ್ಲಿ ಅವನನ್ನು ಚೆನ್ನೈಗೆ ಹಾಕಿದರು, ನನ್ನನ್ನು ಹೈದರಾಬಾದಿಗೆ. ಅಲ್ಲಿ ಜೊತೆಗಾರರು ಬದಲಾದರು, ಜಗಳಗಳೂ ಬದಲಾದವು. 2017ರ ಬೇಸಿಗೆಯಲ್ಲಿ ಇಡೀ ಹೈದರಾಬಾದು ಒಂದೇ ಸಿನಿಮಾದ ಬಗ್ಗೆ ಮಾತನಾಡುತ್ತಿತ್ತು. ಯಾರು ಯಾರನ್ನು ಏಕೆ ಕೊಂದರು ಎಂಬುದು ಆ ಊರಿನಲ್ಲಿ ಗೊತ್ತಿಲ್ಲದ ತರುಣರೆಂದರೆ ಬಹುಶಃ ನಾವು ಮಾತ್ರ. ಪಾನಿಪೂರಿ ಗಾಡಿಯವನು ಕನಿಕರಪಟ್ಟು ಪೂರ್ತಿ ಕಥೆ ಹೇಳಿದ, ತಡೆಯಲು ನಮಗೆ ಮನಸ್ಸಾಗಲಿಲ್ಲ. ಕೇಳುವುದು ನಿಯಮಕ್ಕೆ ವಿರುದ್ಧವೇ ಎಂದು ಆ ರಾತ್ರಿ ಇಬ್ಬರೂ ಬಹಳ ಹೊತ್ತು ಚರ್ಚಿಸಿದೆವು.

ಇನ್ನು ತಮ್ಮಾ, ನಿನಗೆ. ನಮ್ಮ ಕಾಲದ ಕಷ್ಟ ಕೆಲವು ನಿನಗಿಲ್ಲ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮನೆಗೆ ಕರೆ ಮಾಡಬಹುದು, ಮುಖ ನೋಡಿಯೇ ಮಾತನಾಡಬಹುದು. ಭಾನುವಾರದ ಮೂರು ಗಂಟೆಯ ಆರಾಧನೆಯೂ ಅದೇ ವರ್ಷದಿಂದ ಎರಡು ಗಂಟೆಗೆ ಇಳಿದಿದೆ. ಆದರೆ ಜೊತೆಗಾರನ ನಿಯಮ ಹಾಗೆಯೇ ಇದೆ. ಮೊದಲ ದಿನವೇ ಫ್ಯಾನ್ ವಿಷಯ ಮಾತನಾಡಿ ಮುಗಿಸು, ದೇವಶಾಸ್ತ್ರ ಆಮೇಲೆ. ಅಪ್ಪಟ ಹತ್ತಿಯ ಶರ್ಟು ತೆಗೆದುಕೊ, ಅಂಗಡಿಯವರು ಇಸ್ತ್ರಿ ಬೇಡದ ಬಟ್ಟೆ ಎಂದು ತೋರಿಸಿದರೆ ಮರುಳಾಗಬೇಡ, ಕರಾವಳಿಯ ಬಿಸಿಲಿಗೆ ಅದು ಮೈಗೆ ಅಂಟುತ್ತದೆ. ಕಪ್ಪು ಷೂಗಳನ್ನು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕು, ಮಳೆಗಾಲದಲ್ಲಿ ಒಂದೇ ಜೊತೆಯಾದರೆ ಒಣಗುವುದೇ ಇಲ್ಲ. ತಲೆದಿಂಬು ಬೇಕಾದರೆ ಮನೆಯದೇ ಒಯ್ಯಿ. ಉಪ್ಪಿನಕಾಯಿ ಮಾತ್ರ ಕಟ್ಟಿಕೊಡಬೇಡಿ ಎಂದು ನಿನ್ನ ಅಮ್ಮನಿಗೆ ಹೇಳು. ನಿನ್ನನ್ನು ಆಂಧ್ರಕ್ಕೆ ಹಾಕಿದರೆ ಹೋದ ಒಂದು ವಾರದೊಳಗೆ ಯಾರಾದರೂ ಒಂದು ಜಾಡಿ ಆವಕಾಯ ಕೊಟ್ಟೇ ಕೊಡುತ್ತಾರೆ, ಚೆನ್ನೈಗೆ ಹಾಕಿದರೆ ನನ್ನ ಹಳೆಯ ಜೊತೆಗಾರನ ಫೋನ್ ನಂಬರ್ ಕೊಡುತ್ತೇನೆ, ಅವನ ಹೆಂಡತಿ ನಿಂಬೆಕಾಯಿ ಉಪ್ಪಿನಕಾಯಿ ಚೆನ್ನಾಗಿ ಹಾಕುತ್ತಾರೆ.